ಯಾರೂ ಇಲ್ಲದ ಮನೆಗಳ ಕೀಲಿಯಕ್ಕ

ಬೆಳಗಿನ ಆರೂ ಹತ್ತು. ಒಂಬತ್ತನೇ ಮಹಡಿ. ಉದ್ದನೆಯ ಹಾದಿಯ ಎರಡೂ ಬದಿಗೆ ಎಂಟು ಬಾಗಿಲು. ಅದರಲ್ಲಿ ಆರು ಬಾಗಿಲುಗಳ ಹಿಡಿಕೆಗೆ ಸುತ್ತಿದ ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ. ಕೀಲಿಯಕ್ಕ ಮೂರನೇ ಬಾಗಿಲ ಮುಂದೆ ಚಪ್ಪಲಿ ಬಿಟ್ಟು, ಸೊಂಟಕ್ಕೆ ಸಿಕ್ಕಿಸಿದ ಗೊಂಚಲಿನಿಂದ ಒಂದು ಕೀಲಿಯನ್ನು ನೋಡದೆಯೇ ಬೇರ್ಪಡಿಸುತ್ತಾರೆ. ತೆರೆಯುವ ಮುಂಚೆ ಬಾಗಿಲನ್ನು ಎರಡು ಸಲ ತಟ್ಟುತ್ತಾರೆ. ಒಳಗೆ ಯಾರೂ ಇಲ್ಲ. ಕಟ್ಟಡ ಎದ್ದು ಏಳು ವರ್ಷವಾಯಿತು, ಈ ಮನೆಯಲ್ಲಿ ಒಂದು ದಿನವೂ ಯಾರೂ ಮಲಗಿ ಎದ್ದಿಲ್ಲ.

"ಮತ್ತೆ ತಟ್ಟಿದ್ಯಾಕೆ?" ಎಂದು ಜೊತೆಗೆ ಬಂದಿರುವ ನಾನು ಕೇಳಿದರೆ ನಗುತ್ತಾರೆ. "ಇನ್ನೊಬ್ಬರ ಮನೆ ಅಲ್ವಾ ಮೇಡಂ. ಸೀದಾ ನುಗ್ಗೋಕೆ ಮನಸ್ಸು ಬರಲ್ಲ."

ಒಳಗೆ ಹೋದವರೇ ಮೊದಲು ಕಿಟಕಿಗಳನ್ನು ತೆಗೆಯುತ್ತಾರೆ. ಆಮೇಲೆ ನಲ್ಲಿ. ಅಡುಗೆಮನೆಯದು ಒಂದು, ಮೂರು ಬಚ್ಚಲುಮನೆಗಳದ್ದು ಒಂಬತ್ತು, ಬಟ್ಟೆ ಒಗೆಯುವ ಕಟ್ಟೆಯದು ಒಂದು. ಒಂದೊಂದು ನಲ್ಲಿಯನ್ನೂ ತಿರುಗಿಸಿ ಬಾಯಲ್ಲೇ ನೂರು ಎಣಿಸುತ್ತಾರೆ. ಮೊದಲು ತುಕ್ಕಿನ ಬಣ್ಣದ ನೀರು, ನಲವತ್ತು ಐವತ್ತಕ್ಕೆಲ್ಲ ತಿಳಿನೀರು. ಕೊನೆಗೆ ನೆಲದ ಜಾಲರಿಗಳಿಗೆ ಒಂದೊಂದು ಚೊಂಬು ನೀರು ಸುರಿಯುತ್ತಾರೆ. ಜಾಲರಿಯ ಕೆಳಗೆ ಬಾಗಿದ ಪೈಪಿನಲ್ಲಿ ಒಂದಿಷ್ಟು ನೀರು ಸದಾ ನಿಂತಿರಬೇಕು, ಕೆಳಗಿನ ಗಬ್ಬುಗಾಳಿಯನ್ನು ತಡೆಯುವುದು ಆ ನೀರೇ. ಯಾರೂ ಬಳಸದ ಮನೆಯಲ್ಲಿ ಅದು ಆರಿಹೋಗುತ್ತದೆ. ಆಗ ವಾಸನೆ ಮೇಲೆ ಬರುತ್ತದೆ, ವಾಸನೆಯ ಹಿಂದೆ ಜಿರಳೆ. "ಜಿರಳೆಗೇನು, ಮುಂಗಡ ಕೇಳೋರಿಲ್ಲ, ಕರಾರು ಕೇಳೋರಿಲ್ಲ. ಬಂದು ಕೂತ್ಬಿಡುತ್ತೆ," ಅನ್ನುತ್ತಾರೆ ಕೀಲಿಯಕ್ಕ.

ಕಪಾಟಿನ ಬಾಗಿಲು ತೆರೆದಿಟ್ಟು, ದೀಪಗಳನ್ನು ಒಂದೊಂದಾಗಿ ಹಾಕಿ ಆರಿಸಿ, ಕಿಟಕಿಯ ದಂಡೆಯ ದೂಳು ಒರೆಸುವ ಹೊತ್ತಿಗೆ ಇಪ್ಪತ್ತು ನಿಮಿಷ. ಇನ್ನು ಕಿಟಕಿ ಮುಚ್ಚಿ ಮುಂದಿನ ಮನೆಗೆ. ಹೀಗೆ ದಿನಕ್ಕೆ ಒಂಬತ್ತು ಹತ್ತು ಮನೆ, ಒಂದು ಮನೆಗೆ ವಾರಕ್ಕೆರಡು ಸಲ. ಈ ಕೆಲಸಕ್ಕೆ ಸರಿಯಾದ ಹೆಸರೂ ಇಲ್ಲ. ಹಾಜರಿ ಪುಸ್ತಕದಲ್ಲಿ "ಸಹಾಯಕಿ" ಎಂದಿದೆ. ಕಾವಲುಗಾರರಿಂದ ಹಿಡಿದು ಲಿಫ್ಟ್ ರಿಪೇರಿಯವರ ತನಕ ಎಲ್ಲರೂ ಕರೆಯುವುದು ಕೀಲಿಯಕ್ಕ ಎಂದೇ.

ಹದಿನಾಲ್ಕು ಮಹಡಿಯ ಈ ಕಟ್ಟಡದಲ್ಲಿ ನೂರ ಹನ್ನೆರಡು ಮನೆಗಳಿವೆ. ಎಲ್ಲವೂ ಮಾರಾಟವಾಗಿವೆ. ಅದೂ ಪಾಯ ತೋಡುವ ಮೊದಲೇ, ನಕ್ಷೆಯ ಮೇಲೆಯೇ. ಆದರೆ ಕಳೆದ ವರ್ಷದ ತನಕ ಜನ ಇದ್ದದ್ದು ಮೂವತ್ತನಾಲ್ಕರಲ್ಲಿ ಮಾತ್ರ. ಉಳಿದ ಎಪ್ಪತ್ತೆಂಟನ್ನು ಕೊಂಡವರು ವಾಸಕ್ಕೆಂದು ಕೊಂಡವರಲ್ಲ. ಬೆಲೆ ಏರುತ್ತದೆ, ಏರಿದಾಗ ಮಾರಿದರಾಯಿತು ಎಂದು ಕೊಂಡವರು. ಬಾಡಿಗೆಗೆ ಕೊಟ್ಟರೆ ಗೋಡೆ ಕೊಳೆಯಾಗುತ್ತದೆ, ಬೇಕೆಂದಾಗ ಬಿಡಿಸುವುದು ಕಷ್ಟ, ಹೊಸ ಮನೆ ಎಂಬ ಬೆಲೆಯೂ ಸಿಗುವುದಿಲ್ಲ. ಹಾಗಾಗಿ ಬೀಗ ಹಾಕಿಟ್ಟು, ನೋಡಿಕೊಳ್ಳಲು ಒಂದು ಕಂಪನಿಗೆ ವಹಿಸಿದ್ದಾರೆ. ಅದರಲ್ಲಿ ನಲವತ್ತಾರು ಮನೆಗಳ ಕೀಲಿ ಇವರ ಸೊಂಟದಲ್ಲಿತ್ತು. ಮಾಲೀಕರಲ್ಲಿ ಹೆಚ್ಚಿನವರ ಮುಖವನ್ನು ಇವರು ನೋಡಿಲ್ಲ. ಕೆಲವು ಮಾಲೀಕರು ತಮ್ಮ ಮನೆಯನ್ನೇ ನೋಡಿಲ್ಲ.

ನೂರ ಹನ್ನೆರಡು ಮನೆ ಎದ್ದಾಗ ಊರಿಗೆ ಊರೇ ಆಸೆಪಟ್ಟಿತ್ತು. ಕೆಳಗೆ ದಿನಸಿ ಅಂಗಡಿ ಬಂತು, ಇಸ್ತ್ರಿಯವನು ಬಂದ, ಬೇಕರಿ ಬಂತು. ಬಸ್ಸು ಗೇಟಿನ ಮುಂದೆಯೇ ನಿಲ್ಲತೊಡಗಿತು. ಎರಡು ವರ್ಷ ಕಾದರು. ಮೂವತ್ತನಾಲ್ಕು ಮನೆಯವರ ಬಟ್ಟೆಯಿಂದ ಇಸ್ತ್ರಿಯವನ ಸಂಸಾರ ಸಾಗಲಿಲ್ಲ, ಅವನು ಗಂಟುಮೂಟೆ ಕಟ್ಟಿದ. ಬೇಕರಿಯ ಬಾಗಿಲು ಕೆಳಗಿಳಿಯಿತು. ಹತ್ತುವವರಿಲ್ಲ ಎಂದು ಬಸ್ಸು ಮುಖ್ಯರಸ್ತೆಯಿಂದಲೇ ತಿರುಗಿ ಹೋಗತೊಡಗಿತು. ಮನೆಗಳ ಬೆಲೆ ಮಾತ್ರ ಆ ಎರಡೂ ವರ್ಷ ಏರುತ್ತಲೇ ಇತ್ತು.

ಕೀಲಿಯಕ್ಕನಿಗೆ ಈ ಜಾಗ ಹೊಸದಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಮದುವೆಯಾಗಿ ಬಂದು ಕಾಲಿಟ್ಟದ್ದು ಇದೇ ನೆಲಕ್ಕೆ. ಆಗ ಇಲ್ಲಿ ಕಟ್ಟಡವಿರಲಿಲ್ಲ, ಒಂದು ಓಣಿ ಇತ್ತು. ಓಣಿಯಲ್ಲಿ ನಲವತ್ತು ಬಾಡಿಗೆ ಕೋಣೆ, ಒಬ್ಬ ದರ್ಜಿ, ಒಂದು ಹಿಟ್ಟಿನ ಗಿರಣಿ, ಎರಡು ಕೊಠಡಿಯ ಶಾಲೆ. ಮಗಳು ಹುಟ್ಟಿದ್ದು ಅಲ್ಲೇ. ಅವಳಿಗೆ ನಾಲ್ಕು ತುಂಬುವ ಹೊತ್ತಿಗೆ ಈ ಕಡೆ ರೈಲುಮಾರ್ಗ ಬರುತ್ತದೆ ಎಂಬ ಸುದ್ದಿ ಹಬ್ಬಿತು. ರೈಲು ಬರಲು ಹತ್ತು ವರ್ಷ ಹಿಡಿಯಿತು, ಬೆಲೆ ಹತ್ತು ದಿನದಲ್ಲೇ ಬಂತು.

"ಓಣಿ ಮಾಲೀಕರು ಒಳ್ಳೇವ್ರೇ," ಅನ್ನುತ್ತಾರೆ. "ಮಗಳು ಹುಟ್ಟಿದಾಗ ಎರಡು ತಿಂಗಳು ಬಾಡಿಗೆ ಕೇಳ್ಲಿಲ್ಲ. ಆದ್ರೆ ಆ ಬೆಲೆ ಕೇಳಿದ್ಮೇಲೆ ಯಾರಿಗೆ ತಾನೇ ಬುದ್ಧಿ ನಿಲ್ಲುತ್ತೆ? ಒಂದು ತಿಂಗಳು ಟೈಮ್ ಕೊಟ್ರು. ಕೊನೇ ದಿನ ಅವರೇ ಬಂದು ಪಾತ್ರೆ ಗಾಡಿಗೆ ಹತ್ತಿಸಿದ್ರು."

ಅಲ್ಲಿಂದ ಹದಿನೈದು ವರ್ಷದಲ್ಲಿ ಎಂಟು ಮನೆ ಬದಲಾಯಿತು. ಪ್ರತಿ ಸಲವೂ ಬಸ್ಸಿನ ಎರಡು ಮೂರು ನಿಲ್ದಾಣ ಆಚೆಗೆ. ಈಗಿರುವ ಒಂಟಿ ಕೋಣೆಯಿಂದ ಇಲ್ಲಿಗೆ ಎರಡು ಬಸ್ಸು, ಒಂದೂ ಮುಕ್ಕಾಲು ಗಂಟೆ. ಮಗಳು ಐದು ಶಾಲೆ ಬದಲಿಸಿದಳು. ಶಾಲೆಯ ಅರ್ಜಿಗಳಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಪೆನ್ಸಿಲ್ ಹಿಡಿಯುವ ಅಭ್ಯಾಸ ಅವಳಿಗೆ ಮೂರನೇ ಕ್ಲಾಸಿನಲ್ಲೇ ಬಂತಂತೆ. ಈಗ ಹತ್ತೊಂಬತ್ತು ವರ್ಷ, ಆಸ್ಪತ್ರೆಯ ಲ್ಯಾಬ್ ಕೆಲಸ ಕಲಿಯುತ್ತಿದ್ದಾಳೆ.

ಗಂಡ ಬಡಗಿ. ಹೊಸ ಮನೆಗಳಿಗೆ ಬೀರು, ಅಡುಗೆಮನೆಯ ಕಪಾಟು ಮಾಡಿಕೊಡುವುದು ಅವರ ಕಸುಬು. ಹಿಂದಿನ ದಿನ ಮಧ್ಯಾಹ್ನ ಅವರನ್ನು ಒಂದು ಮರದ ಅಂಗಡಿಯಲ್ಲಿ ಕಂಡೆ. ಕಿವಿಯ ಮೇಲಿನ ಪೆನ್ಸಿಲ್ ತೆಗೆಯದೆಯೇ ಮಾತಾಡಿದರು.

"ಒಂದು ಮನೆಗೆ ಜನ ಬಂದ್ರು ಅಂದ್ರೆ ಮೊದ್ಲು ಕರೆಯೋದು ನನ್ನ. ನನ್ನ ಹಿಂದೆ ಬಣ್ಣದೋನು, ಅವನ ಹಿಂದೆ ಪರದೆ ಹೊಲಿಯೋಳು, ಫ್ಯಾನ್ ಹಾಕೋನು, ಹಾಲಿನೋನು, ಪೇಪರಿನೋನು. ಮನೆ ಬರೀ ಮಾರಾಟ ಆದ್ರೆ ನಮಗೇನಿದೆ? ಕಾಗದ ಒಬ್ರ ಕೈಯಿಂದ ಇನ್ನೊಬ್ರ ಕೈಗೆ ಹೋಗುತ್ತೆ. ಜನ ಬಂದ್ರೆ ತಾನೇ ಗೋಡೆಗೆ ಮೊಳೆ ಬೇಕಾಗೋದು."

ಐದು ವರ್ಷದ ಹಿಂದೆ ಗೃಹಸಾಲದ ಬಡ್ಡಿ ಏರಿದಾಗ ಮಾರಾಟವೂ ನಿಂತಿತು. ಪಕ್ಕದಲ್ಲಿ ಏಳಬೇಕಿದ್ದ ಎರಡನೇ ಕಟ್ಟಡ ಕಂಬಗಳಷ್ಟೇ ಆಗಿ ಉಳಿಯಿತು. ಅದರ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಇವತ್ತಿಗೂ ಆಕಾಶ ನೋಡುತ್ತಿವೆ. ಬಡಗಿಗೆ ಎಂಟು ತಿಂಗಳು ಉಳಿ ಮುಟ್ಟುವ ಕೆಲಸ ಸಿಗಲಿಲ್ಲ. ಅವರು ಮೊಳೆ, ತಿರುಪು ಕೊಳ್ಳುತ್ತಿದ್ದ ಅಂಗಡಿಯವನು ಆರು ಆಳುಗಳಲ್ಲಿ ನಾಲ್ವರನ್ನು ಬಿಡಿಸಿದ. ಬೆಲೆ ಇಳಿದು ಬಡವರಿಗೆ ಅನುಕೂಲವಾಗಬಹುದು ಎಂದು ದೂರದಲ್ಲಿ ಕೂತವರಿಗೆ ಅನ್ನಿಸಬಹುದು. ನಡೆದದ್ದು ಬೇರೆ. ಸಾಲ ಮಾಡಿ ಕೊಳ್ಳಬೇಕೆಂದಿದ್ದವರೆಲ್ಲ ಬಡ್ಡಿಗೆ ಹೆದರಿ ಬಾಡಿಗೆ ಮನೆಗಳಲ್ಲೇ ಕೂತರು. ಬಿಡುವವರಿಲ್ಲ, ಹುಡುಕುವವರು ಹೆಚ್ಚು, ಬಾಡಿಗೆ ಏರಿತು. ಗಂಡನಿಗೆ ಕೆಲಸವಿಲ್ಲದ ಆ ವರ್ಷವೇ ಇವರು ಎಂಟನೇ ಸಲ ಮನೆ ಬಿಡಬೇಕಾಯಿತು.

ಕೀಲಿಯಕ್ಕ ಕೆಲಸ ಕೇಳಿಕೊಂಡು ಈ ಗೇಟಿಗೆ ಬಂದದ್ದು ಆಗಲೇ. "ಬಂದೋಳು ಸ್ವಲ್ಪ ಹೊತ್ತು ಸುಮ್ನೆ ನಿಂತೆ. ದಿಕ್ಕು ತಿಳೀಲಿಲ್ಲ. ಆಮೇಲೆ ಆ ಕಡೆ ಗುಡ್ಡ ನೋಡಿ ಲೆಕ್ಕ ಹಾಕ್ದೆ. ಈಗ ಲಿಫ್ಟ್ ಇದೆ ನೋಡಿ, ಅಲ್ಲೇ ನಮ್ಮ ಬೀದಿ ನಲ್ಲಿ. ಕಾರು ನಿಲ್ಲಿಸ್ತಾರಲ್ಲ, ಅದೇ ಶಾಲೆ. ನಮ್ಮ ಕೋಣೆ ಎಲ್ಲಿತ್ತು ಅಂತ ಮಾತ್ರ ಇವತ್ತಿಗೂ ಗೊತ್ತಾಗ್ಲಿಲ್ಲ. ಗೋಡೆ ಇಲ್ಲದ ಮೇಲೆ ಹೇಗೆ ಹುಡುಕೋದು?"

ಕಳೆದ ವರ್ಷ ನಗರಸಭೆ ಒಂದು ಹೊಸ ನಿಯಮ ತಂದಿತು. ಆರು ತಿಂಗಳಿಗಿಂತ ಹೆಚ್ಚು ಕಾಲ ಖಾಲಿ ಬಿಟ್ಟ ಮನೆಗೆ ಮೂರು ಪಟ್ಟು ತೆರಿಗೆ, ಬಾಡಿಗೆಗೆ ಕೊಟ್ಟ ಮನೆಗೆ ರಿಯಾಯಿತಿ. ಕೆಲವು ಮಾಲೀಕರು ಗೊಣಗುತ್ತಲೇ ಬಾಡಿಗೆಗೆ ಕೊಡಲು ಒಪ್ಪಿದರು. ಹನ್ನೊಂದು ಮಂದಿಗೆ ಅದಕ್ಕಿಂತ ಸುಲಭದ ದಾರಿ ಹೊಳೆಯಿತು. ಕಂಪನಿಯ ಸೂಪರ್‌ವೈಸರ್ ಒಂದು ಬೆಳಿಗ್ಗೆ ಕೀಲಿಯಕ್ಕನನ್ನು ಕರೆದು ಹೇಳಿದರು: ಈ ಹನ್ನೊಂದು ಮನೆಗಳಲ್ಲಿ ಜನ ಇರುವ ಹಾಗೆ ಕಾಣಬೇಕು. ಮೀಟರ್ ಓಡಬೇಕು, ಫ್ಯಾನ್ ತಿರುಗಬೇಕು. ಬಾಗಿಲ ಮುಂದೆ ನಾಲ್ಕು ಜೊತೆ ಚಪ್ಪಲಿ ಇರಬೇಕು. ಬಾಲ್ಕನಿಯಲ್ಲಿ ಬಟ್ಟೆ ಒಣಗಬೇಕು.

ಕೀಲಿಯಕ್ಕ ಮಾಡಿದರು. ಹಳೆಯ ಬಟ್ಟೆಯ ಗಂಟೊಂದನ್ನು ಕಂಪನಿಯೇ ತಂದುಕೊಟ್ಟಿತು. ಸಾಲದಾದಾಗ ಮಗಳ ಹಳೆಯ ಶಾಲೆ ಯೂನಿಫಾರ್ಮನ್ನೂ ತಂದರು. ಬಟ್ಟೆಗಳನ್ನು ನೀರಲ್ಲಿ ಅದ್ದಿ, ಹಿಂಡಿ, ಹನ್ನೊಂದು ಬಾಲ್ಕನಿಗಳಲ್ಲಿ ಹರವುವುದು. ಮೂರು ದಿನ ಬಿಟ್ಟು ಈ ಮನೆಯದನ್ನು ಆ ಮನೆಗೆ, ಆ ಮನೆಯದನ್ನು ಈ ಮನೆಗೆ. "ಯಾರೂ ಹಾಕದ ಬಟ್ಟೇನ ಒಗೆಯೋದು ಅಂದ್ರೆ ಒಂಥರಾ ಸಂಕಟ. ಆದ್ರೆ ಕೆಳಗಿಂದ ನೋಡಿದ್ರೆ ಚೆಂದ ಕಾಣ್ತಿತ್ತು. ಮೊದಲ ಸಲ ಬಿಲ್ಡಿಂಗ್‌ಗೆ ಜೀವ ಬಂದ ಹಾಗೆ. ನಾನೇ ನಿಂತು ನೋಡ್ತಿದ್ದೆ."

ಐದು ವಾರ ಹೀಗೇ ನಡೆಯಿತು. ಆರನೇ ವಾರ ನಗರಸಭೆಯ ಅಧಿಕಾರಿ ತಪಾಸಣೆಗೆ ಬಂದರು. ಆ ಹೊತ್ತಿಗೆ ಕೀಲಿಯಕ್ಕ ಒಂಬತ್ತನೇ ಮಹಡಿಯ ಮೂರನೇ ಮನೆಯಲ್ಲಿ, ಈಗ ನಾವು ನಿಂತಿರುವ ಈ ಅಡುಗೆಮನೆಯಲ್ಲಿ, ಬಕೆಟ್ ಹಿಡಿದು ನಿಂತಿದ್ದರು. ಅಧಿಕಾರಿ ಒಳಗೆ ಬಂದು ಸುತ್ತ ಕಣ್ಣಾಡಿಸಿದರು. ಹಿಂದೆಯೇ ಸೂಪರ್‌ವೈಸರ್.

"ಇಲ್ಲಿ ಯಾರಿದ್ದಾರೆ?" ಎಂದು ಕೇಳಿದರು ಅಧಿಕಾರಿ.

ಸೂಪರ್‌ವೈಸರ್ ಕೀಲಿಯಕ್ಕನ ಕಡೆ ಕೈ ತೋರಿಸಿದರು. "ಇವರೇ ಸಾರ್. ಗಂಡ ಹೆಂಡ್ತಿ, ಒಬ್ಬಳು ಮಗಳು. ಬಾಡಿಗೆಗಿದ್ದಾರೆ."

ಅಧಿಕಾರಿ ಪೆನ್ನು ತೆಗೆದು ಇವರ ಕಡೆ ತಿರುಗಿದರು. "ಬಂದು ಎಷ್ಟು ದಿನ ಆಯ್ತಮ್ಮ?"

ಆ ಗಳಿಗೆಯನ್ನು ಹೇಳುವಾಗ ಕೀಲಿಯಕ್ಕನ ದನಿ ತಗ್ಗುತ್ತದೆ. ಈ ಅಡುಗೆಮನೆಗೆ ಪೂರ್ವಕ್ಕೆ ಕಿಟಕಿ. ಬೆಳಗಿನ ಬಿಸಿಲು ಕಲ್ಲಿನ ಕಟ್ಟೆಯ ಮೇಲೆ ಒಂದು ಮೊಳದಷ್ಟು ಹರಡಿ ಬೀಳುತ್ತದೆ. ಐದು ವರ್ಷ ವಾರಕ್ಕೆರಡು ಸಲ ಆ ಬಿಸಿಲಿಗೆ ಕೈ ಒಡ್ಡಿದವರು ಅವರು. ಒಲೆ ಎಲ್ಲಿಡಬೇಕು, ಮಗಳು ಓದಲು ಯಾವ ಮೂಲೆ, ಗಂಡ ಬೀರು ಮಾಡಿದರೆ ಯಾವ ಗೋಡೆಗೆ ಎಂದೆಲ್ಲ ಮನಸ್ಸಿನಲ್ಲೇ ಹೊಂದಿಸಿಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ. ಬಾಯಿ ತೆರೆದು ಒಂದು ತಿಂಗಳು ಅಂದಿದ್ದರೆ, ಸರ್ಕಾರದ ಪುಸ್ತಕದಲ್ಲಾದರೂ ಈ ಮನೆಯಲ್ಲಿ ಅವರ ಸಂಸಾರ ಇರುತ್ತಿತ್ತು.

"ಇಲ್ಲ ಸಾರ್," ಅಂದರು ಕೀಲಿಯಕ್ಕ. "ನಾನು ಇಲ್ಲಿ ಇರೋಳಲ್ಲ. ನೀರು ಬಿಟ್ಟು ಹೋಗೋಳು."

"ಹಾಗಾದ್ರೆ ಬಾಲ್ಕನೀಲಿರೋ ಬಟ್ಟೆ?"

"ಅದು ನನ್ನ ಮಗಳದ್ದೇ ಸಾರ್. ಮಗಳು ಇಲ್ಲಿಲ್ಲ."

ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಮೊದಲು ವ್ಯವಹಾರದ ಉತ್ತರ ಕೊಟ್ಟರು. ನಗರಸಭೆಯ ಸ್ವಂತ ಮನೆ ಯೋಜನೆಯಲ್ಲಿ ಅವರ ಅರ್ಜಿಗೆ ಆರು ವರ್ಷವಾಗಿದೆ. ಪಟ್ಟಿಯಲ್ಲಿ ಅವರ ಸಂಖ್ಯೆ ಈಗ ಸಾವಿರದ ಒಂಬೈನೂರರ ಆಚೀಚೆ. ಮೂರು ಮಲಗುವ ಕೋಣೆಯ ಮನೆಯಲ್ಲಿ ಇರುವವಳು ಎಂದು ಒಮ್ಮೆ ದಾಖಲಾದರೆ ಆ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ. ಅಷ್ಟು ಹೇಳಿ ಬಚ್ಚಲಿನ ನಲ್ಲಿ ತಿರುಗಿಸಿ ಬಂದರು, ಈ ಸಲ ಎಣಿಸಲಿಲ್ಲ.

"ಅದೊಂದೇ ಅಲ್ಲ ಮೇಡಂ. ಹೌದು ಅಂದ್ಬಿಟ್ಟಿದ್ರೆ ಆಮೇಲೆ ನನ್ನ ಮನಸ್ಸನ್ನ ಯಾರು ಹಿಡೀತಿದ್ರು? ಮನಸಲ್ಲಿ ಏನು ಬೇಕಾದ್ರೂ ಅಂದ್ಕೋಬಹುದು, ಕೇಳೋರಿಲ್ಲ. ಬಾಯಲ್ಲಿ ಒಂದು ಸಲ ಇದು ನನ್ನ ಮನೆ ಅಂತ ಹೇಳಿ, ಅದೇ ಸಂಜೆ ಬೀಗ ಹಾಕಿ ಬಸ್ ಹತ್ತೋದು ನನ್ನ ಕೈಲಾಗ್ತಿರ್ಲಿಲ್ಲ."

ಅವತ್ತೇ ಸೂಪರ್‌ವೈಸರ್ ಗೊಂಚಲು ಕಿತ್ತುಕೊಂಡರು. ಹನ್ನೊಂದು ಮನೆಯದಷ್ಟೇ ಅಲ್ಲ, ನಲವತ್ತಾರರದ್ದೂ. ಕೀಲಿಯಕ್ಕ ಹದಿನೇಳು ದಿನ ಮನೆಯಲ್ಲಿ ಕೂತರು. ಮೂರನೇ ದಿನ ಗಂಡ ಊಟಕ್ಕೆ ಕೂತಾಗ, "ನಾನಾಗಿದ್ರೆ ಹೌದು ಅಂದ್ಬಿಡ್ತಿದ್ದೆ ಕಣೆ," ಅಂದರಂತೆ. ಮುನಿಸಿನಿಂದಲ್ಲ, ತಮ್ಮ ಬಗ್ಗೆ ತಾವೇ ಯೋಚಿಸಿಕೊಂಡು. ಮಗಳು ನಗಿಸಲು ನೋಡಿದಳು: "ಅಮ್ಮ, ನಮ್ಮ ಪೈಕಿ ಒಂಬತ್ತನೇ ಮಹಡೀಲಿ ಸಂಸಾರ ಮಾಡಿದ್ದು ನನ್ನ ಯೂನಿಫಾರ್ಮ್ ಒಂದೇ. ಅದನ್ನೂ ಬಿಡಿಸ್ಕೊಂಡು ಬಂದೆಯಲ್ಲ." ಮೂವರೂ ನಕ್ಕರು.

ಅತ್ತ ಕಟ್ಟಡದಲ್ಲಿ ನಲವತ್ತಾರು ಮನೆಗಳ ನೆಲದ ಪೈಪುಗಳು ಒಂದೊಂದಾಗಿ ಆರತೊಡಗಿದವು. ಬೇಸಿಗೆ ಬೇರೆ. ಎರಡನೇ ವಾರಕ್ಕೆ ವಾಸನೆ ಬಾಗಿಲ ಸಂದಿಯಿಂದ ಹೊರಗೆ ಬಂತು, ಲಿಫ್ಟಿನೊಳಗೂ ಹೊಕ್ಕಿತು. ಎಂಟನೇ ಮಹಡಿಯಲ್ಲಿ ಸ್ವಂತ ಮನೆಯಲ್ಲಿರುವ ನಿವೃತ್ತ ಶಿಕ್ಷಕಿಯೊಬ್ಬರು ಕಂಪನಿಯ ಕಚೇರಿಗೇ ಹೋಗಿ ಕೂತರು. ಅವರನ್ನು ಮಾತಾಡಿಸಿದಾಗ ಹೇಳಿದ್ದು ಇಷ್ಟು: "ನನ್ನ ತಲೆ ಮೇಲೆ ಆರು ಮನೆ ಖಾಲಿ, ಕಾಲ ಕೆಳಗೆ ಐದು ಖಾಲಿ. ಇಷ್ಟು ವರ್ಷ ನಾವು ಮೂಗು ಮುಚ್ಚಿಕೊಳ್ಳದೆ ಬದುಕಿದ್ದು ಆ ಹೆಣ್ಣುಮಗಳಿಂದ ಅಂತ ನನಗೆ ಗೊತ್ತಾದದ್ದೇ ಆಕೆ ಬರೋದು ನಿಂತ ಮೇಲೆ." ಹದಿನೆಂಟನೇ ದಿನ ಸೂಪರ್‌ವೈಸರೇ ಫೋನ್ ಮಾಡಿ ಕರೆದರು. ಕ್ಷಮೆ ಕೇಳಲಿಲ್ಲ, ಇವರೂ ನಿರೀಕ್ಷಿಸಲಿಲ್ಲ. ಗೊಂಚಲು ಮೇಜಿನ ಮೇಲಿತ್ತು, ಎತ್ತಿಕೊಂಡು ಲಿಫ್ಟ್ ಹತ್ತಿದರು.

ತೆರಿಗೆಯ ಬಿಸಿ ನಿಧಾನವಾಗಿ ತಾಗುತ್ತಿದೆ. ನಲವತ್ತಾರರಲ್ಲಿ ಹದಿನೇಳು ಮನೆಗೆ ಬಾಡಿಗೆದಾರರು ಬಂದಿದ್ದಾರೆ. ನಟನೆಯ ಬಟ್ಟೆ ಒಣಗುತ್ತಿದ್ದ ಹನ್ನೊಂದರಲ್ಲಿ ಏಳು ಈಗ ನಿಜವಾಗಿಯೂ ತುಂಬಿವೆ. ಬೇಕರಿ ಇನ್ನೂ ಮುಚ್ಚಿದೆ. ಆದರೆ ಇಸ್ತ್ರಿಯವನು ಮೆಟ್ಟಿಲ ಕೆಳಗಿನ ತನ್ನ ಮೇಜಿಗೆ ಮರಳಿದ್ದಾನೆ. ಬಡಗಿಗೆ ಇದೇ ಕಟ್ಟಡದಲ್ಲಿ ನಾಲ್ಕು ಮನೆಯ ಕಪಾಟಿನ ಕೆಲಸ ಸಿಕ್ಕಿದೆ. ಹೆಸರು ಹೇಳಿದ್ದು ಯಾರೆಂದು ಕೇಳಬೇಕಾಗಿಲ್ಲ. ಕೀಲಿಯಕ್ಕನಿಗೆ ಮಾತ್ರ ಕೂಲಿ ಮನೆಗಿಷ್ಟು ಎಂದು. ಒಂದು ಮನೆಗೆ ಜನ ಬಂದರೆ ಇವರ ಗೊಂಚಲಿನಿಂದ ಒಂದು ಕೀಲಿ ಕಡಿಮೆ. ನಲವತ್ತಾರು ಕೀಲಿಯಿದ್ದ ಗೊಂಚಲು ಈಗ ಇಪ್ಪತ್ತೊಂಬತ್ತಕ್ಕೆ ಬಂದು ನಿಂತಿದೆ. ಮಧ್ಯಾಹ್ನ ಮೆಟ್ಟಿಲು ಗುಡಿಸುವ ಕೆಲಸವನ್ನೂ ಹಿಡಿದಿದ್ದಾರೆ.

"ಎಲ್ಲಾ ಮನೆ ತುಂಬಿದ್ರೆ ಏನು ಮಾಡ್ತೀರಿ?" ಎಂದರೆ, "ತುಂಬ್ಲಿ," ಅನ್ನುತ್ತಾರೆ. "ಇಷ್ಟು ಜನಕ್ಕೆ ಕೆಲಸ ಸಿಗುತ್ತೆ, ನನಗೊಬ್ಬಳಿಗೆ ಸಿಗಲ್ವಾ?"

ಒಂಬತ್ತೂವರೆಗೆ ಐದನೇ ಮಹಡಿಯ ಒಂದು ಮನೆಯನ್ನು ಬಿಟ್ಟುಕೊಡುವುದಿದೆ. ಎಳೆಯ ದಂಪತಿ, ಕೈಯಲ್ಲಿ ಒಂದು ಕೂಸು, ಕೆಳಗೆ ಸಾಮಾನಿನ ಗಾಡಿ. ಕೀಲಿಯಕ್ಕ ಅವರನ್ನು ಕೋಣೆಯಿಂದ ಕೋಣೆಗೆ ಕರೆದುಕೊಂಡು ಹೋಗುತ್ತಾರೆ. ಬಿಸಿನೀರು ಬರಲು ಒಂದು ನಿಮಿಷ ಬಿಡಬೇಕು. ಈ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ, ಎತ್ತಿ ಎಳೆಯಬೇಕು. ಮಧ್ಯಾಹ್ನ ಈ ಕೋಣೆ ಕಾಯುತ್ತದೆ, ಕೂಸನ್ನು ಆ ಕೋಣೆಯಲ್ಲಿ ಮಲಗಿಸಿ. ಗಾಳಿ ಜೋರಾದರೆ ಬಚ್ಚಲಿನ ಕಿಟಕಿ ಸದ್ದು ಮಾಡುತ್ತದೆ, ಹೆದರಬೇಡಿ.

ಆ ಹುಡುಗಿ ಕೂಸನ್ನು ಭುಜ ಬದಲಿಸಿಕೊಂಡು ಕೇಳುತ್ತಾಳೆ: "ಇಷ್ಟೆಲ್ಲ ಗೊತ್ತಲ್ಲ ಅಕ್ಕ, ಮೊದಲು ಇಲ್ಲಿ ನೀವೇ ಇದ್ರಾ?"

"ಇಲ್ಲಮ್ಮ," ಅನ್ನುತ್ತಾರೆ ಕೀಲಿಯಕ್ಕ. "ನೋಡ್ಕೊಂಡಿದ್ದೆ ಅಷ್ಟೇ." ಗೊಂಚಲಿನಿಂದ ಒಂದು ಕೀಲಿ ಬಿಡಿಸಿ ಅವಳ ಅಂಗೈಯಲ್ಲಿ ಇಡುತ್ತಾರೆ.

ಹೊರಗೆ ಬಂದ ಮೇಲೆ ಕೇಳುತ್ತೇನೆ, ಪಟ್ಟಿಯಲ್ಲಿ ನಿಮ್ಮ ಸರದಿ ಬಂದರೆ ಎಂಥ ಮನೆ ಕೇಳುತ್ತೀರಿ? ಎಷ್ಟನೇ ಮಹಡಿ, ಯಾವ ದಿಕ್ಕು? ಲಿಫ್ಟಿನ ಗುಂಡಿ ಒತ್ತಿ, ಗೊಂಚಲನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

"ಎರಡು ಕೋಣೆ ಸಾಕು ಮೇಡಂ. ಆದ್ರೆ ಹೊಸದು ಬೇಡ. ಹೊಸ ಮನೆ ನೋಡಿ ನೋಡಿ ಸಾಕಾಗಿದೆ ನಂಗೆ. ಯಾರಾದ್ರೂ ಇದ್ದು ಬಿಟ್ಟ ಮನೆ ಕೊಟ್ರೆ ಒಳ್ಳೇದು. ಒಲೆ ಹಿಂದೆ ಗೋಡೆ ಮೇಲೆ ಎಣ್ಣೆ ಕಲೆ ಇರಬೇಕು, ಮಕ್ಕಳು ಗೀಚಿರಬೇಕು. ನಾವು ಹೋಗಿ ಅದನ್ನೆಲ್ಲ ತಿಕ್ಕಿ ತೊಳೀತೀವಿ. ತೊಳೆದ್ಮೇಲೂ ಒಂಚೂರು ಉಳಿದ್ರೆ, ಇರಲಿ ಬಿಡಿ."